ಮಾರಿದ ಕಾರಿಗೆ ಬಂದ ಕಾಗದ

2022ರ ಆಷಾಢದ ಒಂದು ಶುಕ್ರವಾರ. ನನ್ನ ಹೆಂಡತಿ ಬೆಳಗಿನ ಜಾವವೇ ಎದ್ದು ಪಕ್ಕದ ಮನೆಯವರ ಜೊತೆ ಚಾಮುಂಡಿಬೆಟ್ಟಕ್ಕೆ ಹೋಗಿದ್ದಳು. ಮಗಳು ಕಾಲೇಜಿಗೆ ಹೋಗಿದ್ದಳು. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ನಾನು ರಾಮಕೃಷ್ಣನಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಓದಿದ ಪತ್ರಿಕೆಯನ್ನೇ ಎರಡನೆಯ ಸಲ ಓದುತ್ತಿದ್ದೆ. ಅಂಚೆಯವನು ಬಂದು ಸಹಿ ಹಾಕಿಸಿಕೊಂಡು ಒಂದು ಉದ್ದನೆಯ ಲಕೋಟೆ ಕೊಟ್ಟು ಹೋದ. ನೋಡಿದರೆ ಕಾರು ಕಂಪೆನಿಯದು. ಇಂಥ ನಂಬರಿನ ತಮ್ಮ ಕಾರಿನಲ್ಲಿ ಪೆಟ್ರೋಲ್ ಸಾಗುವ ಪೈಪಿನ ಒಂದು ಜೋಡಣೆಯನ್ನು ತಪಾಸಣೆ ಮಾಡಬೇಕಾಗಿದೆ, ಅಲ್ಲಿ ಪೆಟ್ರೋಲ್ ಜಿನುಗುವ ಸಂಭವವಿದೆ, ತೀರಾ ಅಪರೂಪದ ಸಂದರ್ಭದಲ್ಲಿ ಬೆಂಕಿ ಹತ್ತಿಕೊಳ್ಳಬಹುದು, ಆದ್ದರಿಂದ ಹತ್ತಿರದ ಸರ್ವೀಸ್ ಸ್ಟೇಷನ್ನಿಗೆ ತಂದರೆ ಉಚಿತವಾಗಿ ಬದಲಾಯಿಸಿಕೊಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಬರೆದಿತ್ತು.

ಆ ಕಾರನ್ನು ನಾನು ಒಂದು ವರ್ಷದ ಹಿಂದೆಯೇ ಮಾರಿದ್ದೆ.

'ಸದ್ಯ, ಪೀಡೆ ತೊಲಗಿತ್ತು' ಎನ್ನಿಸಿತು. ನನ್ನ ಮನಸ್ಸಿಗೆ ಮೊದಲು ಬಂದದ್ದು ಇದೇ. ಲಕೋಟೆಯನ್ನು ಟಿ.ವಿ. ಪಕ್ಕದ ಪಂಚಾಂಗದ ಕೆಳಗೆ ಇಟ್ಟು ಮರೆತುಬಿಟ್ಟೆ. ಮರೆತೆನೋ, ಮರೆತವನಂತೆ ಇದ್ದೆನೋ, ಅದನ್ನು ಮುಂದೆ ಓದಿ ನೀವೇ ತೀರ್ಮಾನಿಸಿ.

ಆ ಕಾರನ್ನು ಕೊಂಡದ್ದು 2016ರಲ್ಲಿ. ನಮ್ಮ ಮನೆತನದಲ್ಲಿ ಮೊದಲ ಕಾರು. ನಮ್ಮ ಚಿಕ್ಕಪ್ಪನ ಕಾಲಕ್ಕೆ ಯೆಜ್ಡಿ ಮೋಟಾರ್ ಸೈಕಲ್ಲೇ ದೊಡ್ಡ ವೈಭವ. 1960ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲೇ ಇತ್ತು. ಗಾಡಿ ತಯಾರಿಸಿದ ಕೈಗಳು ಸಂಜೆಯಾದರೆ ನಮ್ಮ ಬೀದಿಯಲ್ಲೇ ಸೈಕಲ್ ತಳ್ಳಿಕೊಂಡು ಮನೆಗೆ ಹೋಗುತ್ತಿದ್ದವು. ಏನಾದರೂ ಕೇಳಬೇಕಿದ್ದರೆ ಗೇಟಿಗೆ ಅಡ್ಡ ನಿಂತು ಕೇಳಿದರಾಯಿತು. ಕಾರಿನ ವಿಷಯ ಹಾಗಲ್ಲ. ಯಾವ ಊರಿನಲ್ಲಿ ಯಾರು ಮಾಡಿದ ಪೈಪು, ಯಾವ ಊರಿನಲ್ಲಿ ಯಾರು ಮಾಡಿದ ನಟ್ಟು ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಅದಕ್ಕೇ ಇರಬೇಕು, ನಾವೆಲ್ಲ ದೇವರ ಮೇಲೆ ಭಾರ ಹಾಕುತ್ತೇವೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿ, ಕುಂಬಳಕಾಯಿ ಒಡೆದು ಕಾರನ್ನು ಮನೆಗೆ ತಂದೆವು.

ಎರಡನೆಯ ವರ್ಷ ಕಳೆಯುತ್ತಿದ್ದಂತೆ ಪೆಟ್ರೋಲ್ ವಾಸನೆ ಶುರುವಾಯಿತು. ಯಾವಾಗಲೂ ಅಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ಮತ್ತೆ ಹತ್ತಿದಾಗ, ಟ್ಯಾಂಕ್ ತುಂಬಿಸಿದ ದಿನ. ನಂಜನಗೂಡಿಗೆ ಹೋಗುವಷ್ಟರಲ್ಲಿ ನನ್ನ ಹೆಂಡತಿಗೆ ತಲೆನೋವು ಬಂದು ಹಣೆಗೆ ಅಮೃತಾಂಜನ ಹಚ್ಚಿಕೊಳ್ಳುತ್ತಿದ್ದಳು. ಸರ್ವೀಸಿಗೆ ಬಿಟ್ಟಾಗ ಕೌಂಟರಿನ ಹುಡುಗನಿಗೆ ಹೇಳಿದೆ. ಅವನು ಬಾನೆಟ್ ಎತ್ತಿ, ಮೂಗು ಅರಳಿಸಿ, "ಏನೂ ಇಲ್ಲ ಸಾರ್, ಬಂಕಲ್ಲಿ ಹಾಕುವಾಗ ಚೆಲ್ಲಿರುತ್ತೆ" ಎಂದ. ಮುಂದಿನ ಸರ್ವೀಸಿನಲ್ಲಿ ಇನ್ನೊಬ್ಬ ಹುಡುಗ. "ಪೆಟ್ರೋಲ್ ಗಾಡಿ ಅಂದ್ಮೇಲೆ ಪೆಟ್ರೋಲ್ ವಾಸನೆ ಬರ್ದೆ ಸೀಮೆಎಣ್ಣೆ ವಾಸನೆ ಬರುತ್ತಾ ಸಾರ್?" ಎಂದು ನಕ್ಕ. ನಾನೂ ನಕ್ಕೆ. ನಗದೆ ಇರುವುದಕ್ಕೆ ನನಗೆ ಕಾರಿನ ವಿಷಯ ಏನು ಗೊತ್ತಿತ್ತು?

ಪಕ್ಕದ ರಸ್ತೆಯಲ್ಲಿರುವ ವಕೀಲ ಮಿತ್ರರೊಬ್ಬರು ಬೆಳಗಿನ ವಾಕಿಂಗಿನಲ್ಲಿ ಸಿಗುತ್ತಿದ್ದರು. ಲಿಂಗಾಂಬುಧಿ ಕೆರೆಯ ಏರಿಯ ಮೇಲೆ ಅವರ ಮುಂದೆ ತೋಡಿಕೊಂಡೆ. ಆಗ ಜಿಲ್ಲಾ ಗ್ರಾಹಕರ ವೇದಿಕೆ ಕುವೆಂಪುನಗರದ ಅನಿಕೇತನ ರಸ್ತೆಯಲ್ಲಿತ್ತು, ನಮ್ಮ ಮನೆಯಿಂದ ನಡೆದೇ ಹೋಗಬಹುದು. ಅವರು ಎರಡು ಮಾತು ಹೇಳಿದರು. ಒಂದು, ಕಾರಿನಲ್ಲಿ ತಯಾರಿಕೆಯ ದೋಷವಿದೆ ಎಂದರೆ ಸಾಲದು, ಅದನ್ನು ತಜ್ಞರ ಪರೀಕ್ಷೆಯಿಂದ ತೋರಿಸಬೇಕಾಗುತ್ತದೆ. ಎರಡು, ಒಂದು ಬಿಡಿಭಾಗ ಕೆಟ್ಟಿತೆಂದು ಇಡೀ ಕಾರನ್ನೇ ಬದಲಾಯಿಸಿ ಕೊಡಿ ಎಂದರೆ ಆಗದು. 2006ರಲ್ಲಿ ಮಾರುತಿ ಕಂಪೆನಿಯ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕ್ಲಚ್ ದೋಷಕ್ಕಾಗಿ ಹೊಸ ಕಾರು ಕೊಡಬೇಕಿಲ್ಲ, ವಾರಂಟಿಯ ಷರತ್ತಿನಂತೆ ಆ ಭಾಗವನ್ನು ಬದಲಾಯಿಸಿಕೊಟ್ಟರೆ ಸಾಕು ಎಂದಿದೆ. "ಅದಿರಲಿ, ನಿಮ್ಮ ಹತ್ತಿರ ಜಾಬ್ ಕಾರ್ಡ್ ಇದೆಯೇನ್ರೀ? ಅದರಲ್ಲಿ ವಾಸನೆ ವಿಷಯ ಬರೆಸಿದ್ದೀರಾ?" ಎಂದು ಕೇಳಿದರು.

ಮನೆಗೆ ಬಂದು ಫೈಲು ತೆಗೆದೆ. ಜಾಬ್ ಕಾರ್ಡುಗಳೆಲ್ಲ ಇದ್ದವು. ಒಂದರಲ್ಲೂ ಪೆಟ್ರೋಲ್ ಎಂಬ ಶಬ್ದವಿರಲಿಲ್ಲ. 'ಜನರಲ್ ಚೆಕಪ್' ಎಂದಿತ್ತು, ಕೆಳಗೆ ನನ್ನ ಸಹಿ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಆಚೆ ಕುಳಿತು, 'ಬಾಯಿಮಾತು ನಡೆಯುವುದಿಲ್ಲ, ಬರೆದುಕೊಡಿ' ಎಂದು ಎಷ್ಟು ಜನ ವೃದ್ಧರನ್ನು ಮನೆಗೆ ವಾಪಸು ಕಳಿಸಿದ್ದೆನೋ ಲೆಕ್ಕವಿಲ್ಲ. ಅದೇ ಮನುಷ್ಯ ಕೌಂಟರಿನ ಈಚೆಗೆ ಬಂದ ಕೂಡಲೇ ಓದದೆ ಸಹಿ ಹಾಕಿದ್ದ.

ಆಮೇಲೆ ಕೊರೋನಾ ಬಂತು. ಕಾರು ಹೊರಗೆ ತೆಗೆಯುವುದೇ ನಿಂತಿತು. 2021ರಲ್ಲಿ ಅದನ್ನು ಮಾರಿಬಿಡುವುದೆಂದು ತೀರ್ಮಾನಿಸಿದೆವು. ಪರಿಚಯದ ದಲ್ಲಾಳಿಯ ಮೂಲಕ ಬನ್ನೂರಿನವರೊಬ್ಬರು ಬಂದರು. ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡವರು. ಮಕ್ಕಳನ್ನು ಮೈಸೂರಿನ ಶಾಲೆಗೆ ಸೇರಿಸಿದ್ದೇನೆ, ಬಸ್ಸಿನಲ್ಲಿ ಕಷ್ಟ, ಅದಕ್ಕೇ ಕಾರು ಎಂದರು. ನನ್ನ ಹೆಂಡತಿ ಕಾಫಿ ಮಾಡುವ ನೆಪದಲ್ಲಿ ನನ್ನನ್ನು ಅಡಿಗೆಮನೆಗೆ ಕರೆದು, "ರೀ, ವಾಸನೆ ವಿಷಯ ಒಂದ್ಮಾತು ಹೇಳ್ಬಿಡಿ" ಎಂದಳು. "ಸರ್ವೀಸಿನವ್ರೇ ಏನೂ ಇಲ್ಲ ಅಂದ್ಮೇಲೆ ನಾನೇನು ಹೇಳ್ಲಿ?" ಎಂದೆ. ಬೇಕೆಂದೇ ಬೆಳಿಗ್ಗೆ ಕಾರನ್ನು ನೆರಳಿನಲ್ಲಿ ನಿಲ್ಲಿಸಿದ್ದೆ. ಟ್ಯಾಂಕಿನಲ್ಲಿ ಪೆಟ್ರೋಲನ್ನೂ ಕಡಿಮೆ ಇಟ್ಟಿದ್ದೆ. ಇದನ್ನು ಆಕೆಗೂ ಹೇಳಿರಲಿಲ್ಲ.

ಈಗ ಲಕೋಟೆಗೆ ಬರುತ್ತೇನೆ. ಮೂರು ವಾರವಾದ ಮೇಲೆ ಕರೆಂಟು ಬಿಲ್ಲು ಹುಡುಕುತ್ತಿದ್ದ ಮಗಳ ಕೈಗೆ ಅದು ಸಿಕ್ಕಿತು. ಆಗ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದಳು. ಕಾಗದವನ್ನು ಎರಡು ಸಲ ಓದಿ, "ಅಪ್ಪಾ, ಇದು ಬನ್ನೂರಿನವರಿಗೆ ಗೊತ್ತಾ?" ಎಂದಳು.

"ಕಂಪೆನಿಯವರು ಅವರಿಗೂ ಕಳಿಸಿರ್ತಾರೆ ಬಿಡು."

"ಅವರಿಗೆ ಕಳಿಸಿದ್ರೆ ನಿಮಗ್ಯಾಕೆ ಕಳಿಸ್ತಿದ್ರು?"

ಹದಿನೇಳು ವರ್ಷದ ಮಕ್ಕಳಿಗೆ ಇಂಥ ಪ್ರಶ್ನೆಗಳನ್ನು ಯಾರು ಹೇಳಿಕೊಡುತ್ತಾರೋ ಕಾಣೆ. ಆರ್‌ಟಿಒ ಕಚೇರಿಯ ದಾಖಲೆಯಲ್ಲಿ ಕಾರು ಹೊಸ ಯಜಮಾನನ ಹೆಸರಿಗೆ ಹೋಗಿತ್ತು. ಕಂಪೆನಿಯ ಕಡತದಲ್ಲಿ ಮಾತ್ರ ಅದು ಇನ್ನೂ ನನ್ನದೇ. ಹೊಸ ಯಜಮಾನ ಕಂಪೆನಿಯ ಸರ್ವೀಸ್ ಸ್ಟೇಷನ್ನಿಗೆ ಹೋಗದೆ ಊರಿನ ಮೆಕ್ಯಾನಿಕ್ಕನ ಬಳಿ ಹೋಗುವವನಾದರೆ ಅವನ ಹೆಸರು ಆ ಕಡತಕ್ಕೆ ಸೇರುವ ದಾರಿಯೇ ಇಲ್ಲ. ಅಪಾಯದ ಕಾಗದ ರಾಮಕೃಷ್ಣನಗರದ ಪಂಚಾಂಗದ ಕೆಳಗೆ, ಅಪಾಯ ಬನ್ನೂರಿನ ರಸ್ತೆಯ ಮೇಲೆ.

ಅಂದು ರಾತ್ರಿ ಅವಳು ಪಠ್ಯಪುಸ್ತಕದ ಗ್ರಾಹಕ ಸಂರಕ್ಷಣೆಯ ಪಾಠ ತೆರೆದು ನನಗೆ ತರಗತಿ ತೆಗೆದುಕೊಂಡಳು. 1986ರ ಕಾಯ್ದೆ ನನಗೂ ಗೊತ್ತಿತ್ತು. ಮೈಸೂರು ಗ್ರಾಹಕರ ಪರಿಷತ್ತಿನವರು ಊರನ್ನೆಲ್ಲ ಎಚ್ಚರಿಸುತ್ತಿದ್ದ ದಿನಗಳಲ್ಲಿ ನಾನೂ ಒಂದೆರಡು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವನೇ. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈಯಿಂದ ಬಂದಿದೆ ಎಂಬುದು ತಿಳಿದಿರಲಿಲ್ಲ. ವೇದಿಕೆ ಈಗ ಆಯೋಗವಾಗಿದೆ. ವಸ್ತುವನ್ನು ಎಲ್ಲೇ ಕೊಂಡಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ದೋಷವಿರುವ ವಸ್ತುವಿನಿಂದ ಪೆಟ್ಟಾದರೆ ತಯಾರಕನೇ ಹೊಣೆ ಹೊರಬೇಕೆಂಬ ಅಧ್ಯಾಯವೊಂದು ಹೊಸದಾಗಿ ಸೇರಿದೆ. ಆದರೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ನಾನು ಮೂಗು ಮುಚ್ಚಿಕೊಂಡು ಓಡಾಡಿದ್ದೇ ಮೂರು ವರ್ಷ!

ನನ್ನನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ಸಂಗತಿ. ದೋಷದ ವಾಹನಗಳನ್ನು ಕಂಪೆನಿ ವಾಪಸು ಕರೆದು ಸರಿಮಾಡಿಕೊಡುವುದು ಅಮೆರಿಕದಲ್ಲಿ 1966ರ ಕಾನೂನಿನಿಂದಲೇ ಬೇರೂರಿದ್ದು. ಅದರ ಹಿಂದಿನ ವರ್ಷವಷ್ಟೇ ರಾಲ್ಫ್ ನೇಡರ್ ಎಂಬ ಯುವ ವಕೀಲ ಕಾರು ತಯಾರಕರ ಅಸಡ್ಡೆಯ ಬಗ್ಗೆ ಪುಸ್ತಕ ಬರೆದು ದೇಶವನ್ನೇ ಎಬ್ಬಿಸಿದ್ದ. ನಮ್ಮಲ್ಲಿ ತಯಾರಕರ ಸಂಘ 2012ರಲ್ಲಿ ತಾನಾಗಿಯೇ ಒಂದು ನಿಯಮ ಮಾಡಿಕೊಂಡಿತು, ಅದು ಅವರವರ ಇಷ್ಟಕ್ಕೆ ಬಿಟ್ಟದ್ದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಗೆ ಬಂದ ಮೇಲೆಯೇ ಸರ್ಕಾರಕ್ಕೆ 'ವಾಪಸು ಕರೆಯಿರಿ' ಎಂದು ಕಂಪೆನಿಗೆ ಆಜ್ಞೆ ಮಾಡುವ ಅಧಿಕಾರ ಬಂದದ್ದು. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ಆಜ್ಞೆಯ ಮೇಲೆ ಕರೆಯಬೇಕಾಗಿ ಬಂದ ಕಂಪೆನಿಗೆ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ. ಆದರೆ ಆ ಅಧಿಕಾರ ಏಳುವುದು ಯಾವಾಗ? ಒಂದೇ ದೋಷದ ಬಗ್ಗೆ ಮಾಲೀಕರಿಂದ ಬಂದ ದೂರುಗಳು ನಿಗದಿತ ಸಂಖ್ಯೆಯನ್ನು ಮುಟ್ಟಿದಾಗ. ಅಂದರೆ ಎಲ್ಲೋ ಒಂದು ಕಡೆ ಒಬ್ಬರು ಕುಳಿತು ಒಂದು, ಎರಡು, ಮೂರು ಎಂದು ಎಣಿಸುತ್ತಿರಬೇಕು.

"ನಿಮ್ಮದನ್ನ ಯಾರೂ ಎಣಿಸ್ಲಿಲ್ಲ ಅಪ್ಪ" ಎಂದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಸುಮ್ಮನೆ ಹೇಳಿದಳು.

ವಾಪಸು ಕರೆಯುವುದೆಂದರೆ ಕಂಪೆನಿಗೆ ಅವಮಾನ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. 2021ರ ಸೆಪ್ಟೆಂಬರಿನಲ್ಲಿ ಮಾರುತಿ ಸುಜುಕಿ 1,81,754 ಪೆಟ್ರೋಲ್ ಕಾರುಗಳನ್ನು ಒಂದು ವಿದ್ಯುತ್ ಭಾಗದ ತಪಾಸಣೆಗೆಂದು ಕರೆದಾಗ, ನಮ್ಮ ವಾಕಿಂಗ್ ಗೆಳೆಯರು 'ಇವರ ಬಂಡವಾಳ ಇಷ್ಟೇ' ಎಂದು ಮಾತಾಡಿಕೊಂಡಿದ್ದರು. ಒಂದೇ ಕಡೆ ತಯಾರಾದ ಒಂದು ಚಿಕ್ಕ ಭಾಗ ಲಕ್ಷಾಂತರ ಕಾರುಗಳ ಹೊಟ್ಟೆ ಸೇರುವ ಕಾಲವಿದು. ಜಪಾನಿನ ತಕಾಟಾ ಕಂಪೆನಿಯ ಏರ್‌ಬ್ಯಾಗುಗಳ ಕಥೆ ಕೇಳಿರಬಹುದು. ಚೀಲವನ್ನು ಉಬ್ಬಿಸಲು ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಾನುಗಟ್ಟಲೆ ಸೆಕೆ, ತೇವ ಕುಡಿದು ಕೆಟ್ಟು, ಅಪಘಾತದಲ್ಲಿ ಸಿಡಿದಾಗ ಲೋಹದ ಚೂರುಗಳು ಪ್ರಯಾಣಿಕರ ಮೈಗೇ ನಾಟುತ್ತಿದ್ದವು. ಹಲವು ಕಂಪೆನಿಗಳ ಕೋಟ್ಯಂತರ ಕಾರುಗಳನ್ನು ಲೋಕದಾದ್ಯಂತ ಕರೆಯಬೇಕಾಯಿತು, ನಮ್ಮ ದೇಶದಲ್ಲಿ ಕೂಡ. ಹೆದರಬೇಕಾದ್ದು ಕರೆಯುವ ಕಂಪೆನಿಗೆ ಅಲ್ಲ, ಕರೆಯಬೇಕಾದಾಗ ಕರೆಯದವರಿಗೆ. ಕರೆ ಬಂದಾಗ ಅದನ್ನು ಪಂಚಾಂಗದ ಕೆಳಗೆ ಇಡುವವರಿಗೂ ಹೆದರಬೇಕು, ಬಿಡಿ.

ಮಗಳ ತರಗತಿಯಲ್ಲಿ ಇನ್ನೊಂದು ವಿಷಯವೂ ಬಂತು. ಅಮೆರಿಕದವರು ಹುಳುಕು ಕಾರಿಗೆ ನಿಂಬೆಹಣ್ಣು ಎನ್ನುತ್ತಾರಂತೆ, ಅವರ ಭಾಷೆಯಲ್ಲಿ ಲೆಮನ್. ನಮಗೆ ದೃಷ್ಟಿ ತೆಗೆಯುವ ಹಣ್ಣು ಅವರಿಗೆ ಬೈಗುಳ. 1982ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಮೊದಲ ಲೆಮನ್ ಕಾನೂನು ಬಂತು, ಆಮೇಲೆ ಉಳಿದ ರಾಜ್ಯಗಳಲ್ಲೂ. ಹೊಸ ಕಾರಿನ ಒಂದೇ ದೋಷ ಸಾಮಾನ್ಯವಾಗಿ ಮೂರು ನಾಲ್ಕು ಸಲ ರಿಪೇರಿ ಮಾಡಿದರೂ ಹೋಗದಿದ್ದರೆ, ಅಥವಾ ಕಾರು ಒಟ್ಟು ಮೂವತ್ತು ದಿನ ವರ್ಕ್‌ಶಾಪಿನಲ್ಲೇ ಬಿದ್ದಿದ್ದರೆ, ಬೇರೆ ಕಾರು ಕೊಡಬೇಕು ಇಲ್ಲವೇ ಹಣ ವಾಪಸು ಮಾಡಬೇಕು. ನಮ್ಮಲ್ಲಿ ಕಾರಿಗೆಂದೇ ಅಂಥ ಕಾನೂನಿಲ್ಲ, ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಾಗಿಲನ್ನೇ ತಟ್ಟಬೇಕು. ತಟ್ಟಿದರೆ ತೆರೆಯುವುದೂ ಉಂಟು. ಅದೇ 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂದಿತ್ತು. ಅಪಘಾತವಾದಾಗ ಹುಂಡೈ ಕ್ರೆಟಾ ಕಾರಿನ ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲವೆಂದು ಗ್ರಾಹಕರೊಬ್ಬರು ದೂರು ಕೊಟ್ಟಿದ್ದರು. ಅದು ತೆರೆಯುವಷ್ಟು ಪೆಟ್ಟು ಬಿದ್ದಿರಲಿಲ್ಲ ಎಂದು ಕಂಪೆನಿಯ ವಾದ. ಢಿಕ್ಕಿಯ ವೇಗ, ಬಲವನ್ನು ಲೆಕ್ಕ ಹಾಕಲು ಗ್ರಾಹಕ ಭೌತವಿಜ್ಞಾನದ ಪಂಡಿತನಾಗಿರಬೇಕಿಲ್ಲ ಎಂದು ನ್ಯಾಯಾಲಯ ಹೇಳಿ, ಪರಿಹಾರದ ಜೊತೆಗೆ ಕಾರನ್ನೂ ಬದಲಾಯಿಸಿಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಇದನ್ನು ಓದಿದಾಗ ಸೀಮೆಎಣ್ಣೆಯ ಜೋಕಿಗೆ ನಾನು ನಕ್ಕದ್ದು ನೆನಪಾಯಿತು.

"ನಮ್ಮ ಅರ್ಥಶಾಸ್ತ್ರದ ಮಿಸ್ ಹೇಳ್ತಿದ್ರು" ಎಂದು ಮಗಳು ಮುಂದುವರಿಸಿದಳು. ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳ ಸಂತೆಯ ಬಗ್ಗೆ ಬರೆದರಂತೆ. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇದರಿಂದ ಕೊಳ್ಳುವವರ ನಂಬಿಕೆ ಹೋಗಿ ಒಳ್ಳೆಯ ಕಾರಿಗೂ ಬೆಲೆ ಸಿಗದೆ, ಕೊನೆಗೆ ಸಂತೆಯಲ್ಲಿ ಹುಳುಕು ಕಾರುಗಳೇ ಉಳಿಯುತ್ತವೆ. ಇಂಥ ವಿಚಾರಗಳಿಗಾಗಿ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿಯೂ ಬಂತಂತೆ. ನಾನು ನೆರಳಿನಲ್ಲಿ ಕಾರು ನಿಲ್ಲಿಸಿದ್ದ ವಿಷಯ ಅವಳಿಗೆ ತಿಳಿದಿರಲಿಲ್ಲ. ಆದರೂ ನಾನು ಎದ್ದು ನೀರು ಕುಡಿಯಲು ಹೋದೆ.

ಬನ್ನೂರಿನವರ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ. ದಲ್ಲಾಳಿ ಕರೆ ಎತ್ತಲಿಲ್ಲ. ಬ್ಯಾಂಕಿನ ಅಭ್ಯಾಸಬಲ, ವರ್ಗಾವಣೆಯ ಕಾಗದಪತ್ರಗಳ ಜೆರಾಕ್ಸ್ ಇಟ್ಟಿದ್ದೆ, ಅದರಲ್ಲಿ ವಿಳಾಸವಿತ್ತು. ಭಾನುವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಸ್ಕೂಟರ್ ಹತ್ತಿದೆವು. ನಾನೊಬ್ಬನೇ ಹೋಗಿ ಬರುತ್ತೇನೆ ಎಂದೆ. ಅವಳು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕುಳಿತಾಗಿತ್ತು.

ಅಂಗಡಿಗೆ ಹೊಂದಿಕೊಂಡಂತೆಯೇ ಮನೆ. ಅವರು ಗುರುತು ಹಿಡಿದು, "ಬನ್ನಿ ಬನ್ನಿ ಸಾರ್, ಮಳೇಲಿ ಬಂದ್ರಲ್ಲ, ಕೂತ್ಕೊಳ್ಳಿ" ಎಂದು ಸಡಗರ ಮಾಡಿದರು. ಕಾರು ಹಿತ್ತಲಿನ ತಗಡಿನ ಚಪ್ಪರದಡಿ ನಿಂತಿತ್ತು. ನನ್ನ ಕಾಲಕ್ಕಿಂತ ಚೆನ್ನಾಗಿ ತೊಳೆದು ಇಟ್ಟಿದ್ದರು. ಚಪ್ಪರದ ಆಚೆ ಕಂಬಕ್ಕೆ ಬಚ್ಚಲಮನೆ, ಅದರ ಹೊರಗೆ ಹಂಡೆಯ ಒಲೆ. ಭಾನುವಾರದ ಎಣ್ಣೆಸ್ನಾನಕ್ಕೆ ನೀರು ಕಾಯುತ್ತಿತ್ತು. ತೆಂಗಿನ ಗರಿ, ಮಟ್ಟೆ ಉರಿಯುತ್ತಿದ್ದವು. ಒಲೆಗೂ ಕಾರಿನ ಹಿಂಬದಿಗೂ ನಡುವೆ ಎರಡು ಮಾರು ಇದ್ದೀತು. ಮಗಳು ನನ್ನ ಮುಖ ನೋಡಿದಳು. ನಾನು ಮೊದಲು ಮಾಡಿದ ಕೆಲಸ, ಕೂರುವ ಮುಂಚೆಯೇ, ಕಾರನ್ನು ತಳ್ಳಿಸಿ ಅಂಗಳದ ಆ ತುದಿಗೆ ನಿಲ್ಲಿಸಿದ್ದು. ಅವರಿಗೆ ಏನೆಂದು ಅರ್ಥವಾಗಲಿಲ್ಲ.

ಕಾಗದ ತೋರಿಸಿ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. "ಓ, ಅದಕ್ಕಾ ಸಾರ್ ವಾಸ್ನೆ ಬರ್ತಿದ್ದಿದ್ದು! ಮಕ್ಕಳು ಮೂಗು ಮುಚ್ಕೋತಾರೆ ಅಂತ ಡ್ಯಾಶ್‌ಬೋರ್ಡ್ ಮೇಲೆ ಸೆಂಟಿನ ಡಬ್ಬಿ ತಂದಿಟ್ಟಿದೀನಿ. ನಮ್ಮ ಮೆಕ್ಯಾನಿಕ್ಕು ಹಳೇ ಗಾಡಿ ಹಂಗೇ ಅಂದ." ಆಮೇಲೆ ಕಾಫಿ ಲೋಟ ಕೈಗೆ ಕೊಡುತ್ತಾ, ಏನೂ ಕಹಿಯಿಲ್ಲದೆ, ಸಹಜವಾಗಿ ಕೇಳಿದರು: "ನಿಮ್ಮ ಹತ್ರ ಇದ್ದಾಗ್ಲೂ ಬರ್ತಿತ್ತಾ ಸಾರ್?"

'ಇಲ್ಲ' ಎನ್ನುವುದು ಸುಲಭವಿತ್ತು. ಮಗಳು ಪಕ್ಕದಲ್ಲಿದ್ದಳು, ಅದಕ್ಕೆ ಹೇಳಲಿಲ್ಲ ಎಂದರೂ ನಿಜವೇ.

"ಬರ್ತಿತ್ತು. ನಿಮಗೆ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ" ಎಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಅವರ ತಾಯಿ ಯಾರೋ ಬಂದವರೆಂದು ಇಣುಕಿ ನೋಡಿ ಹೋದರು. ಮಕ್ಕಳಿಬ್ಬರು ಜಾಗ ಬದಲಾದ ಕಾರಿನ ಸುತ್ತ ಓಡುತ್ತಿದ್ದರು. "ಆಯ್ತು ಬಿಡಿ ಸಾರ್, ಈಗ್ಲಾದ್ರೂ ಬಂದ್ರಲ್ಲ" ಎಂದರು. ಆದರೆ ಅದಾದ ಮೇಲೆ ಮೊದಲಿನ ಸಡಗರವಿರಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು, ಮತ್ತೆ ಬನ್ನಿ ಎನ್ನಲಿಲ್ಲ. ಕಾನೂನಿನಲ್ಲಿ ನನ್ನ ತಪ್ಪಿಗೆ ಏನಿದೆ ಎಂದು ವಕೀಲ ಮಿತ್ರರನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಅವರು ನನ್ನನ್ನು ಕೇಳಿದ್ದು ಕಾನೂನಿನ ಪ್ರಶ್ನೆಯಾಗಿರಲಿಲ್ಲ.

ಬರುವಾಗ ಮಗಳು ಅವರ ಮಗನಿಗೆ ಒಂದು ಕೆಲಸ ಹೇಳಿಕೊಟ್ಟು ಬಂದಳು. ಆರ್‌ಸಿ ಪುಸ್ತಕದಲ್ಲಿರುವ ಹದಿನೇಳು ಅಕ್ಷರಗಳ ಚಾಸಿ ನಂಬರನ್ನು ಕಂಪೆನಿಯ ಜಾಲತಾಣದಲ್ಲಿ ಹಾಕಿ ನೋಡುವುದು. ಹಳೆಯ ಕಾರು ಕೊಳ್ಳುವವರು ಯಾರೇ ಆಗಲಿ ಹೀಗೆ ಒಮ್ಮೆ ನೋಡಿಬಿಡಬೇಕಂತೆ, ಐದು ನಿಮಿಷದ ಕೆಲಸ. ವಾರಂಟಿ ಮುಗಿದಿದ್ದರೂ, ಕಾರು ಎಷ್ಟು ಕೈ ಬದಲಾಗಿದ್ದರೂ ಈ ರಿಪೇರಿಗೆ ದುಡ್ಡು ಕೊಡಬೇಕಿಲ್ಲ. ಸರ್ವೀಸಿನವರು ಸತಾಯಿಸಿದರೆ 1915ಕ್ಕೆ ಫೋನ್ ಮಾಡು, ಅದು ಗ್ರಾಹಕರ ಸಹಾಯವಾಣಿ ಎಂದೂ ಹೇಳಿದಳು. "ಏನೇ ತೊಂದ್ರೆ ಇದ್ರೂ ಅಪ್ಪಂಗೆ ಹೇಳು, ಜಾಬ್ ಕಾರ್ಡಲ್ಲಿ ಬರೆಸಿಯೇ ಸೈನ್ ಹಾಕ್ಬೇಕು" ಎಂದಾಗ ನಾನು ಸ್ಕೂಟರಿನ ಸೀಟು ಒರೆಸುತ್ತಿದ್ದೆ.

ಮರುದಿನ ಹನ್ನೊಂದರ ಸುಮಾರಿಗೆ ಹೊಸ ನಂಬರಿನಿಂದ ಫೋನ್ ಬಂತು. ಅವರೇ. ಮೈಸೂರಿನ ಸರ್ವೀಸ್ ಸ್ಟೇಷನ್ನಿನಲ್ಲಿದ್ದರು. ಪೈಪಿನ ಜೋಡಣೆಯಲ್ಲಿ ತೇವ ಕಂಡಿದೆ, ಬದಲಾಯಿಸುತ್ತಾರೆ, ಆದರೆ ಕಂಪ್ಯೂಟರಿನಲ್ಲಿ ಕಾರು ನಿಮ್ಮ ಹೆಸರಿನಲ್ಲೇ ಇದೆಯಂತೆ, ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬರುತ್ತದಂತೆ, ಅದನ್ನು ಹೇಳಿದರೇ ಕೆಲಸ ಶುರು ಮಾಡುವುದಂತೆ ಎಂದರು. ಕನ್ನಡಕ ಹುಡುಕಿ ಹಾಕಿಕೊಂಡು, ನಾಲ್ಕು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದೆ. "ಹೆಸರನ್ನೂ ಇವತ್ತೇ ಬದಲಾಯಿಸಿಕೊಂಡುಬಿಡಿ, ನಿಮ್ಮ ವಿಳಾಸ, ಫೋನ್ ನಂಬರ್ ಎಲ್ಲ ಬರೆಸಿ" ಎಂದೆ. "ಬರೆಸ್ತಿದೀನಿ ಸಾರ್, ನಿಂತ್ಕೊಂಡು ನೋಡ್ತಾನೇ ಇದೀನಿ" ಎಂದರು.

ಸಂಜೆ ನನ್ನ ಮೊಬೈಲಿಗೆ ಕಂಪೆನಿಯಿಂದ ಸಂದೇಶ ಬಂತು. ನಿಮ್ಮ ಕಾರು ಸಿದ್ಧವಾಗಿದೆ, ನಮ್ಮ ಸೇವೆ ತೃಪ್ತಿ ತಂದಿದ್ದರೆ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದರು. ಮಗಳಿಗೆ ತೋರಿಸಿದೆ. ಅವಳು ಅದನ್ನು ಬನ್ನೂರಿನವರ ನಂಬರಿಗೆ ಕಳಿಸಿದಳು.